ಮಗು ಓದಿದ ಆಡಿಯೊ ಮನೆಗೆ ಬರಲಿ, ಗ್ರೂಪ್‌ಗೆ ಬೇಡ

ಶಾಲೆಗಳ ಪೋಷಕರ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಹೋಂವರ್ಕ್, ರಜೆ ಮಾಹಿತಿ ಜತೆ ಈಗ ಮಕ್ಕಳ ದನಿಯೂ ಬರ್ತಿದೆ. ಮೇಷ್ಟ್ರು ಮೊಬೈಲ್ ಹಿಡೀತಾರೆ, ಮಗು ಒಂದು ಪ್ಯಾರಾ ಓದುತ್ತೆ, ಆಡಿಯೊ ಗ್ರೂಪ್‌ಗೆ ಹೋಗುತ್ತೆ.

ರೆಕಾರ್ಡ್ ಮಾಡೋದರಿಂದ ಲಾಭ ಇದೆ. ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಗುರಿ ಪ್ರಕಾರ, ಮೂರನೇ ಕ್ಲಾಸ್ ಮುಗಿಸುವ ಮಗು ನಿಮಿಷಕ್ಕೆ ಕನಿಷ್ಠ 60 ಪದ ಅರ್ಥ ಮಾಡಿಕೊಂಡು ಓದಬೇಕು. ಇದು ಮಾರ್ಕ್ಸ್ ಕಾರ್ಡ್ ನೋಡಿದರೆ ತಿಳಿಯಲ್ಲ, ಕಿವಿಗೆ ತಿಳಿಯುತ್ತೆ. ಜೂನ್‌ನಲ್ಲಿ ಓದಿದ್ದು, ನವೆಂಬರ್‌ನಲ್ಲಿ ಓದಿದ್ದು ಎರಡನ್ನೂ ಕೇಳಿಸಿದರೆ, ಅಕ್ಷರ ಬಾರದ ತಾಯಿಗೂ ಮಗು ಎಷ್ಟು ಸುಧಾರಿಸಿದೆ ಅಂತ ಗೊತ್ತಾಗುತ್ತೆ.

ತೊಂದರೆ ಇರೋದು ಹಂಚೋದರಲ್ಲಿ. ತಡವರಿಸಿ ಓದಿದ ಆಡಿಯೊ ಗ್ರೂಪ್‌ಗೆ ಬಿದ್ದರೆ ಊರಿಗೇ ಗೊತ್ತಾದ ಹಾಗೆ. ಸಂಜೆ ಹಾಲಿಗೆ ಅಂಗಡಿಗೆ ಬಂದ ಮಗುವಿಗೆ ಯಾರಾದರೂ ‘ಏನೋ, ಓದಕ್ಕೆ ಬರಲ್ವಂತೆ?’ ಅಂದರೆ, ಮರುದಿನ ಅದು ಕ್ಲಾಸಲ್ಲಿ ಬಾಯಿ ಬಿಡಲ್ಲ. ಮೇಷ್ಟ್ರು ಆಮೇಲೆ ಡಿಲೀಟ್ ಮಾಡಿದರೂ, ಅಷ್ಟರಲ್ಲಿ ಫಾರ್ವರ್ಡ್ ಆಗಿದ್ದು ವಾಪಸ್ ಬರಲ್ಲ.

ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಬಂದ ಕಾಯ್ದೆಯಲ್ಲಿ, 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನೋದೇ ಮೂಲ ನಿಯಮ. ಶಿಕ್ಷಣದ ಕೆಲಸಕ್ಕೆ ಕೆಲವು ವಿನಾಯಿತಿ ಇರಬಹುದು. ಆದರೆ ಓದು ಕಲಿಸೋದು ಬೇರೆ, ಗ್ರೂಪ್‌ಗೆ ಹಾಕೋದು ಬೇರೆ.

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಪೋಷಕರು ಕೇಳಬೇಕಾದ್ದು ಇಷ್ಟೇ: ಆಡಿಯೊ ಆ ಮಗುವಿನ ಮನೆಯವರಿಗಷ್ಟೇ ಬರಲಿ. ಗ್ರೂಪ್‌ಗೆ ಹಾಕಲೇಬೇಕು ಅಂದರೆ ಮಗುವನ್ನೂ ಮನೆಯವರನ್ನೂ ಮೊದಲು ಕೇಳಲಿ. ವರ್ಷ ಮುಗಿದ ಮೇಲೆ ಅಳಿಸಲಿ.