ದಮ್ಮು ಮತ್ತು ಉದ್ಯೋಗ

ಎಲ್ಲಮ್ಮನ ಗುಡ್ಡದ ಬುಡದಲ್ಲಿರುವ ಉಗರಗೋಳದಂಥ ಊರುಗಳಲ್ಲಿ ಹಿಟ್ಟಿನ ಗಿರಣಿಯವನಿಗೆ ದಮ್ಮು ಹತ್ತಿದರೆ ಬೀಡಿಯನ್ನೋ ವಂಶವನ್ನೋ ದೂರುವುದು ವಾಡಿಕೆ. ಅವನು ದಿನವೆಲ್ಲ ಉಸಿರಿನೊಡನೆ ಸೇವಿಸುವ ಹಿಟ್ಟಿನ ಮೇಲೆ ಯಾರ ಸಂಶಯವೂ ಹೋಗದು. ಇದು ನಮಗೆ ಸರಿದೋರುವುದಿಲ್ಲ. ರೋಗಿಯ ಉದ್ಯೋಗವಾವುದೆಂದು ವೈದ್ಯನು ಕೇಳತಕ್ಕದ್ದೆಂದು ಇಟಲಿಯ ರಾಮಾಜಿನಿಯು 1700ರಲ್ಲಿಯೇ ಬರೆದಿದ್ದನು.

ಗೋದಿಹಿಟ್ಟಿನ ದಮ್ಮು ಕೆಲಸಕ್ಕೆ ಸೇರಿದೊಡನೆ ಬರುವುದಿಲ್ಲ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ತಲೆದೋರುತ್ತದೆ. ಎಷ್ಟೋ ಸಲ ಗಿರಣಿಯಲ್ಲಿ ಅಡಗಿದ್ದು ರಾತ್ರಿ ಮನೆಯಲ್ಲಿ ಕೆರಳುವುದರಿಂದ ಮೂಲವೇ ಮರೆಯಾಗುತ್ತದೆ. ಆದರೆ ರಜೆಯಲ್ಲಿ ಉಸಿರು ಹಗುರಾಗಿ, ಕೆಲಸಕ್ಕೆ ಮರಳಿದಾಗ ಮತ್ತೆ ಬಿಗಿಯುವುದಾದರೆ ಸಂಶಯಕ್ಕೆ ಅಷ್ಟೇ ಸಾಕು. ಊದಿ ನೋಡುವ ಅಗ್ಗದ ಮಾಪಕವೊಂದನ್ನು ಕೊಟ್ಟು, ದುಡಿಮೆಯ ದಿನಗಳಲ್ಲಿಯೂ ಬಿಡುವಿನ ದಿನಗಳಲ್ಲಿಯೂ ನಾಲ್ಕು ನಾಲ್ಕು ಸಲ ಅಂಕೆಗಳನ್ನು ಬರೆಯಿಸಿದರೆ ವೈದ್ಯರ ಕೈಗೆ ಸಾಕ್ಷ್ಯ ಬರುತ್ತದೆ. (ನೂಲಿನ ಗಿರಣಿಗಳ ಹತ್ತಿಧೂಳಿನ ರೋಗದ ನಡೆಯೇ ಬೇರೆ, ಅಲ್ಲಿ ರಜೆಯ ಮರುದಿನವೇ ಎದೆ ಹೆಚ್ಚು ಬಿಗಿಯುವುದು. 1923ರ ಕಾರ್ಮಿಕ ಪರಿಹಾರ ಕಾಯಿದೆಯ ಅನುಬಂಧದಲ್ಲಿ ಅದಕ್ಕೆ ಮುಂದೆ ಸ್ಥಾನವೂ ದೊರೆಯಿತು.)

ಬೇಗ ಗುರುತಿಸಿ ಧೂಳಿನಿಂದ ದೂರವಿಟ್ಟವರಲ್ಲಿ ಹಲವರು ಗುಣಹೊಂದುತ್ತಾರೆ. ತಡವಾದರೆ ಕೆಲಸ ಬಿಟ್ಟರೂ ದಮ್ಮು ಬಿಡದು. ಒಬ್ಬನೇ ದುಡಿಯುವ ಮನೆಯಲ್ಲಿ, ಗಿರಣಿ ಬಿಡು ಎಂಬ ಉಪದೇಶ ಎಷ್ಟು ಕಠಿಣವೆಂಬುದನ್ನು ನಾವು ಬಲ್ಲೆವು. ಮಾಲಕರು ಒಣ ಕಸಬರಿಗೆಯಿಂದ ಹಿಟ್ಟನ್ನು ಗುಡಿಸಿ ಹಾರಿಸುವುದನ್ನಾದರೂ ನಿಲ್ಲಿಸಲಿ. ಸವದತ್ತಿ ತಾಲೂಕಿನ ವೈದ್ಯಾಧಿಕಾರಿಗಳು ದಮ್ಮಿನ ರೋಗಿಯ ಚೀಟಿಯಲ್ಲಿ ಹೆಸರು, ವಯಸ್ಸುಗಳ ಕೆಳಗೆ ಅವನ ಉದ್ಯೋಗವನ್ನೂ ಬರೆದುಕೊಳ್ಳಬೇಕೆಂದು ನಾವು ಬಿನ್ನವಿಸುತ್ತೇವೆ.