‘ನಮ್ಮ ಅಭಿಪ್ರಾಯದಲ್ಲಿ’ ಎಂಬ ಮಾತಿನ ಬೆಲೆ

ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ ಮುಗಿದ ಮೇಲೆ ವ್ಯಾಪಾರಸ್ಥರ ಕೈಗೆ ಇಂಗ್ಲಿಷಿನಲ್ಲಿ ಬರೆದ ವರದಿಯೊಂದು ಬರುತ್ತದೆ. ಬಹುತೇಕರು ಅದರಲ್ಲಿ ನೋಡುವುದು ಮೂರೇ ಸಂಗತಿಗಳನ್ನು: ಲಾಭದ ಅಂಕಿ, ತೆರಿಗೆಯ ಅಂಕಿ ಮತ್ತು ಕೊನೆಯ ಸಹಿ-ಮೊಹರು. ಆ ಅಂಕಿಗಳಿಗೆಲ್ಲ ಆಧಾರವಾಗಿ ನಿಂತಿರುವ ‘ಇನ್ ಅವರ್ ಒಪಿನಿಯನ್’, ಅಂದರೆ ‘ನಮ್ಮ ಅಭಿಪ್ರಾಯದಲ್ಲಿ’ ಎಂಬ ಮಾತಿನ ಕಡೆಗೆ ಯಾರ ಗಮನವೂ ಹರಿಯುವುದಿಲ್ಲ. ಅದನ್ನು ಪತ್ರಕ್ಕೆ ಅಂಟಿಸಿದ ಅಲಂಕಾರವೆಂದು ಬಿಟ್ಟುಬಿಡುವುದೇ ರೂಢಿ. ಆದರೆ ಬ್ಯಾಂಕಿನ ಸಾಲ, ಪಾಲುದಾರನ ನಂಬಿಕೆ, ಉದ್ರಿ ಕೊಡುವ ಸಗಟು ವ್ಯಾಪಾರಿಯ ಧೈರ್ಯ ಇವೆಲ್ಲ ಕೊನೆಗೆ ನಿಲ್ಲುವುದು ಈ ಮಾತಿನ ಮೇಲೆಯೇ. ಆದ್ದರಿಂದ ಇಂಗ್ಲಿಷ್ ಬಲ್ಲವರು ತಮ್ಮ ಅಭಿಪ್ರಾಯಕ್ಕೆ ಮೊದಲು ‘ನಾನು’ ಎಂಬುದನ್ನು ಏಕೆ ಇಡುತ್ತಾರೆ, ಅದರಿಂದ ಯಾರು ಯಾವುದಕ್ಕೆ ಬದ್ಧರಾಗುತ್ತಾರೆ ಎಂಬುದನ್ನು ಅರಿಯುವುದು ವ್ಯಾಪಾರಸ್ಥರಿಗೆ ಭಾಷೆಯ ಕುತೂಹಲವಷ್ಟೇ ಅಲ್ಲ, ಹಣಕಾಸಿನ ಅಗತ್ಯವೂ ಹೌದು.

ಇಂಗ್ಲಿಷಿನ ‘ನಾನು’

ಇಂಗ್ಲಿಷ್ ಮಾತಿನಲ್ಲಿ ‘ಐ ಥಿಂಕ್’, ‘ಐ ಬಿಲೀವ್’, ‘ಐ ಸಪೋಸ್’, ‘ಐ ಗೆಸ್’, ‘ಇನ್ ಮೈ ಒಪಿನಿಯನ್’ ಮುಂತಾದ ನುಡಿಗಳು ಹೆಜ್ಜೆಹೆಜ್ಜೆಗೂ ಬರುತ್ತವೆ. ಇವು ಒಂದೇ ಅರ್ಥದ ಮಾತುಗಳಲ್ಲ. ಪ್ರತಿಯೊಂದಕ್ಕೂ ತನ್ನದೇ ತೂಕವಿದೆ. ‘ಐ ಗೆಸ್’ ಎಂದವನು ಅಂದಾಜು ಮಾಡುತ್ತಿದ್ದಾನೆ. ‘ಐ ಥಿಂಕ್’ ಎಂದವನು ತನಗೆ ಹೀಗೆ ಕಾಣುತ್ತದೆ, ಮತ್ತೊಬ್ಬರಿಗೆ ಬೇರೆ ರೀತಿ ಕಾಣಬಹುದು ಎಂದು ಒಪ್ಪಿಕೊಂಡು ಮಾತನಾಡುತ್ತಿದ್ದಾನೆ. ‘ಐ ಬಿಲೀವ್’ ಎಂದವನು ತನ್ನ ಬಳಿ ಆಧಾರವಿದೆ ಎಂದು ಸೂಚಿಸುತ್ತಿದ್ದಾನೆ. ‘ಇನ್ ಮೈ ಒಪಿನಿಯನ್’ ಎಂದವನು ವಿಷಯವನ್ನು ಪರಿಶೀಲಿಸಿ ತೀರ್ಮಾನಕ್ಕೆ ಬಂದಿದ್ದೇನೆ ಎನ್ನುತ್ತಿದ್ದಾನೆ.

ವಿದ್ವಾಂಸರು ಈ ವಿಷಯವನ್ನು ಗಂಭೀರವಾಗಿ ಪರಿಗಣಿಸಿದ್ದಾರೆ. ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರಜ್ಞ ಜೆ. ಓ. ಅರ್ಮ್‌ಸನ್ 1952ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಇಂತಹ ಕ್ರಿಯಾಪದಗಳು ಮನಸ್ಸಿನೊಳಗಿನ ವ್ಯಾಪಾರವನ್ನು ವರ್ಣಿಸುವುದಕ್ಕಿಂತ ಹೆಚ್ಚಾಗಿ, ಹೇಳಿಕೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಕೇಳುಗನಿಗೆ ತಿಳಿಸುತ್ತವೆ ಎಂದು ತೋರಿಸಿದರು. ಪೋಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ನೆಲೆಸಿದ ಭಾಷಾವಿಜ್ಞಾನಿ ಅನ್ನಾ ವೆಜ್‌ಬಿಟ್ಸ್ಕಾ 2006ರ ತಮ್ಮ ಗ್ರಂಥದಲ್ಲಿ, ಇಂಗ್ಲಿಷಿನಲ್ಲಿ ಈ ನುಡಿಗಳು ಇಷ್ಟೊಂದು ಬೆಳೆದಿರುವುದು ಆಕಸ್ಮಿಕವಲ್ಲ, ಜ್ಞಾನಕ್ಕೂ ಅಭಿಪ್ರಾಯಕ್ಕೂ ಇರುವ ಅಂತರವನ್ನು ಎತ್ತಿ ಹಿಡಿದ ಜಾನ್ ಲಾಕ್‌ನಂತಹ ಚಿಂತಕರ ಪ್ರಭಾವ ಅದರ ಹಿಂದಿದೆ ಎಂದು ವಾದಿಸಿದ್ದಾರೆ. ತಿಳಿದದ್ದನ್ನು ತಿಳಿದದ್ದೆಂದೂ ಎಣಿಸಿದ್ದನ್ನು ಎಣಿಸಿದ್ದೆಂದೂ ಬೇರೆ ಬೇರೆಯಾಗಿ ಹೇಳಬೇಕೆಂಬ ಶಿಸ್ತು ಆ ಭಾಷೆಯ ದೈನಂದಿನ ಮಾತಿನಲ್ಲಿ ಸೇರಿಹೋಗಿದೆ ಎಂಬುದು ಇದರ ತಾತ್ಪರ್ಯ.

ಈ ಶಿಸ್ತಿನ ಜೊತೆಗೆ ಶಿಷ್ಟಾಚಾರವೂ ಬೆರೆತಿರುವುದರಿಂದ ಹೊಸಬರು ಮೋಸಹೋಗುತ್ತಾರೆ. ಬೇಳೆ ಖರೀದಿಸಿದ ದೂರದ ಗ್ರಾಹಕ ‘ಐ ಥಿಂಕ್ ದಿ ಮಾಯಿಶ್ಚರ್ ಈಸ್ ಎ ಲಿಟಲ್ ಹೈ’ ಎಂದು ಬರೆದರೆ, ಆತ ಸಂಶಯಪಡುತ್ತಿದ್ದಾನೆ ಎಂದು ತಿಳಿದು ಸುಮ್ಮನಿರುವುದು ತಪ್ಪು. ತೇವಾಂಶ ಹೆಚ್ಚಾಗಿದೆ ಎಂದು ಆತ ಮೆಲುದನಿಯಲ್ಲಿ ತಕರಾರು ತೆಗೆದಿದ್ದಾನೆ. ‘ಐ ಬಿಲೀವ್ ದಿ ಪೇಮೆಂಟ್ ವಾಸ್ ಡ್ಯೂ ಲಾಸ್ಟ್ ವೀಕ್’ ಎಂಬುದು ನಂಬಿಕೆಯ ಪ್ರಶ್ನೆಯಲ್ಲ, ಬಾಕಿಯ ತಗಾದೆ. ‘ಐ ಆಮ್ ಅಫ್ರೇಡ್’ ಎಂದು ಆರಂಭವಾಗುವ ಪತ್ರದಲ್ಲಿ ಭಯವೇನೂ ಇರುವುದಿಲ್ಲ; ಅದು ನಿರಾಕರಣೆಯ ಪೀಠಿಕೆ. ಇವುಗಳನ್ನು ಪದಶಃ ಓದಿದವನು ಉತ್ತರ ಬರೆಯಲು ತಡಮಾಡಿ ಗ್ರಾಹಕನನ್ನು ಕಳೆದುಕೊಳ್ಳುತ್ತಾನೆ.

ಮನ್ನಾಏಖೇಳ್ಳಿಯ ಪೇಟೆಯಲ್ಲಿ

ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿರುವ ಮನ್ನಾಏಖೇಳ್ಳಿಯಂತಹ ಊರಿನಲ್ಲಿ ಒಂದೇ ಅಂಗಡಿಯ ಮುಂದೆ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಕೇಳಿಬರುತ್ತವೆ. ತೊಗರಿಯ ಧಾರಣೆ ಏರುವುದೇ ಎಂದು ಕೇಳಿದರೆ ಕನ್ನಡಿಗ ‘ನನಗ ಹಂಗ ಅನಸ್ತದ’ ಎನ್ನುತ್ತಾನೆ, ಮರಾಠಿಯವನು ‘ಮಲಾ ವಾಟತೆ’ ಎನ್ನುತ್ತಾನೆ, ಉರ್ದುವಿನವನು ‘ಮುಝೇ ಲಗತಾ ಹೈ’ ಎನ್ನುತ್ತಾನೆ, ತೆಲುಗಿನವನು ‘ನಾಕು ಅನಿಪಿಸ್ತುಂದಿ’ ಎನ್ನುತ್ತಾನೆ. ನಾಲ್ಕೂ ಭಾಷೆಗಳಲ್ಲಿ ಮಾತಿನ ಕಟ್ಟು ಒಂದೇ. ಇಂಗ್ಲಿಷಿನಲ್ಲಿ ಎಣಿಸುವ ಕ್ರಿಯೆಗೆ ‘ನಾನು’ ಕರ್ತೃ; ಇಲ್ಲಿ ಎಣಿಕೆಯೇ ‘ನನಗೆ’ ಬಂದು ಸೇರುತ್ತದೆ. ಹಸಿವು, ನಿದ್ದೆ, ಚಳಿ ಬರುವ ಹಾಗೆ ಅಭಿಪ್ರಾಯವೂ ಬರುತ್ತದೆ. ಇದರಲ್ಲಿ ಒಂದು ವಿನಯವಿದೆ, ಅದನ್ನು ದೋಷವೆನ್ನಲಾಗದು. ಆದರೆ ತಾನಾಗಿ ಬಂದ ಅಭಿಪ್ರಾಯಕ್ಕೆ ಕಾರಣ ಕೊಡಬೇಕೆಂಬ ಒತ್ತಾಯ ಆ ಮಾತಿನಲ್ಲಿ ಕಡಿಮೆ.

ಇದಲ್ಲದೆ ಕನ್ನಡದಲ್ಲಿ ‘ಅಂತೆ’ ಎಂಬ ಅಮೂಲ್ಯವಾದ ಪದವಿದೆ. ಬೀದರ ಸೀಮೆಯಲ್ಲಿ ಅದು ‘ಅಂತ’ ಎಂದೂ ಕೇಳಿಬರುತ್ತದೆ. ‘ಧಾರಣೆ ಏರುತ್ತದೆ’ ಎಂದರೆ ಹೇಳುವವನ ಮಾತು; ‘ಏರುತ್ತದಂತೆ’ ಎಂದರೆ ಕೇಳಿದ ಮಾತು. ಇಂಗ್ಲಿಷಿನವರು ನಾಲ್ಕು ಪದ ಬಳಸಿ ಹೇಳಬೇಕಾದುದನ್ನು ಕನ್ನಡ ಒಂದು ಪ್ರತ್ಯಯದಷ್ಟು ಚಿಕ್ಕ ಪದದಿಂದ ಹೇಳಿಬಿಡುತ್ತದೆ. ಕಂಡದ್ದು ಮತ್ತು ಕೇಳಿದ್ದು ಇವೆರಡನ್ನು ಬೇರ್ಪಡಿಸುವಲ್ಲಿ ಕನ್ನಡವೇ ಒಂದು ಹೆಜ್ಜೆ ಮುಂದಿದೆ ಎನ್ನಬಹುದು. ತೊಂದರೆ ಇರುವುದು ಬಳಕೆಯಲ್ಲಿ. ಪೇಟೆಯಲ್ಲಿ ಒಬ್ಬರ ಬಾಯಿಂದ ‘ಅಂತೆ’ ಎಂದು ಹೊರಟ ಮಾತು ಮೂರನೆಯ ಅಂಗಡಿಗೆ ಬರುವಷ್ಟರಲ್ಲಿ ‘ಅಂತೆ’ಯನ್ನು ಕಳಚಿಕೊಂಡು ಸಂಗತಿಯಾಗಿಬಿಡುತ್ತದೆ. ಇಂತಹ ಅಂಗಡಿಯವನಿಗೆ ದಿವಾಳಿ ಬಂದಿದೆಯಂತೆ ಎಂಬ ಮಾತು ಹೀಗೆ ಬದಲಾದಾಗ ಒಬ್ಬನ ಪತ್ತು ಒಂದೇ ದಿನದಲ್ಲಿ ಕುಸಿಯುತ್ತದೆ. ಹಾಗೆಂದವರು ಯಾರು ಎಂದು ಹುಡುಕಿದರೆ ಒಬ್ಬರೂ ಸಿಗುವುದಿಲ್ಲ.

‘ನಾನು’ ಎಂದು ನಿಂತು ಹೇಳುವುದು ಈ ನೆಲಕ್ಕೆ ಪರಕೀಯವೇನಲ್ಲ. ನೆರೆಯ ಬಸವಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರೂ ಅವರ ಸಮಕಾಲೀನ ಶರಣರೂ ತಮ್ಮ ನಂಬಿಕೆಯನ್ನು, ಸಂದೇಹವನ್ನು, ತಪ್ಪನ್ನು ಸಹ ಉತ್ತಮ ಪುರುಷದಲ್ಲಿಯೇ ನುಡಿದರು. ಪ್ರತಿ ವಚನಕ್ಕೂ ಅಂಕಿತವಿಟ್ಟರು. ಮಾತು ಯಾರದೆಂಬುದು ಆ ಅಂಕಿತದಿಂದ ಇಂದಿಗೂ ತಿಳಿಯುತ್ತದೆ. ರಾಜ್ಯದ ಭಂಡಾರದ ಲೆಕ್ಕವನ್ನು ನೋಡಿಕೊಂಡ ಮಹನೀಯರೇ ಮಾತಿಗೂ ಅಂಕಿತವಿರಬೇಕೆಂದು ತೋರಿಸಿದ್ದು ವಾಣಿಜ್ಯ ಸಮುದಾಯ ಮನನ ಮಾಡಬೇಕಾದ ಸಂಗತಿ.

ವರದಿಯಲ್ಲಿ ‘ಅಭಿಪ್ರಾಯ’ ಏಕೆ?

ಲೆಕ್ಕಪರಿಶೋಧಕ ‘ಲೆಕ್ಕ ಸರಿಯಾಗಿದೆ’ ಎಂದು ನೇರವಾಗಿ ಬರೆಯದೆ ‘ನಮ್ಮ ಅಭಿಪ್ರಾಯದಲ್ಲಿ’ ಎಂದೇಕೆ ಬರೆಯುತ್ತಾನೆ ಎಂಬ ಪ್ರಶ್ನೆ ಸಹಜ. ಉತ್ತರ ಖಾತೆ-ಕಿರ್ದಿಯಲ್ಲಿಯೇ ಇದೆ. ಪೆಟ್ಟಿಗೆಯಲ್ಲಿರುವ ನಗದನ್ನು ಎಣಿಸಬಹುದು. ಆದರೆ ಗೋದಾಮಿನಲ್ಲಿರುವ ತೊಗರಿಯ ಮೌಲ್ಯ, ಉದ್ರಿಯಲ್ಲಿ ವಸೂಲಾಗದೆ ಉಳಿಯಬಹುದಾದ ಮೊತ್ತ, ಬೇಳೆ ಮಿಲ್ಲಿನ ಯಂತ್ರದ ಸವಕಳಿ ಇವುಗಳನ್ನು ಎಣಿಸಲಾಗದು, ಅಂದಾಜಿಸಬೇಕು. ಅಂದಾಜು ಇದ್ದಲ್ಲಿ ಅಂದಾಜು ಮಾಡಿದವನೂ ಇರಬೇಕು, ಅದನ್ನು ಪರೀಕ್ಷಿಸಿದವನೂ ಇರಬೇಕು.

ಕಾನೂನಿನ ಪದಗಳು ಬದಲಾದ ಬಗೆಯನ್ನು ನೋಡಿದರೂ ಇದು ಸ್ಪಷ್ಟವಾಗುತ್ತದೆ. 1913ರ ಭಾರತೀಯ ಕಂಪನಿಗಳ ಕಾಯ್ದೆ ಲೆಕ್ಕಪತ್ರವು ‘ಸತ್ಯ ಮತ್ತು ಸರಿಯಾದ’ ಚಿತ್ರವನ್ನು ತೋರಿಸುತ್ತದೆಯೇ ಎಂದು ಕೇಳುತ್ತಿತ್ತು. 1956ರ ಕಾಯ್ದೆ ‘ಸರಿಯಾದ’ ಎಂಬುದನ್ನು ಕೈಬಿಟ್ಟು ‘ಸತ್ಯ ಮತ್ತು ನ್ಯಾಯೋಚಿತ’ ಎಂಬ ಮಾತನ್ನು ತಂದಿತು. 2013ರ ಕಾಯ್ದೆ ಅದನ್ನೇ ಉಳಿಸಿಕೊಂಡಿತು. ನ್ಯಾಯೋಚಿತವೇ ಅಲ್ಲವೇ ಎಂಬುದು ಕೂಡುವ-ಕಳೆಯುವ ಪ್ರಶ್ನೆಯಲ್ಲ, ವಿವೇಚನೆಯ ಪ್ರಶ್ನೆ. ವಿವೇಚಿಸಿದವನು ತನ್ನ ಹೆಸರು ಹೇಳಲೇಬೇಕು.

ಆದ್ದರಿಂದ ಪರಿಶೋಧನಾ ವರದಿಯನ್ನು ಗ್ಯಾರಂಟಿ ಪತ್ರವೆಂದು ತಿಳಿದು ಸಾಲ ಕೊಡುವವರು ಎಡವುತ್ತಾರೆ. ಅದು ಸಾಕ್ಷ್ಯವನ್ನು ಪರೀಕ್ಷಿಸಿದವನ ಹೊಣೆಯುಳ್ಳ ಅಭಿಪ್ರಾಯ. ಅದರಲ್ಲಿಯೂ ಬಗೆಗಳಿವೆ. ‘ಇಷ್ಟನ್ನು ಹೊರತುಪಡಿಸಿ’ ಎಂಬ ಮಾತು ಸೇರಿದ್ದರೆ ಅದು ಷರತ್ತಿನ ಅಭಿಪ್ರಾಯ. ನ್ಯಾಯೋಚಿತವಲ್ಲ ಎಂದಿದ್ದರೆ ಪ್ರತಿಕೂಲ ಅಭಿಪ್ರಾಯ. ‘ಅಭಿಪ್ರಾಯ ವ್ಯಕ್ತಪಡಿಸುವುದಿಲ್ಲ’ ಎಂದಿದ್ದರೆ ಸಾಕಷ್ಟು ಆಧಾರವೇ ದೊರೆಯಲಿಲ್ಲ ಎಂದರ್ಥ. ಸಹಿ-ಮೊಹರು ನಾಲ್ಕೂ ಬಗೆಯ ವರದಿಗಳಲ್ಲಿ ಒಂದೇ ರೀತಿ ಇರುತ್ತದೆ. ಮೊಹರನ್ನಷ್ಟೇ ನೋಡಿದವನಿಗೆ ಈ ವ್ಯತ್ಯಾಸ ಕಾಣುವುದಿಲ್ಲ.

ಹೊಣೆ ಎಷ್ಟು ಭಾರವಾದುದು ಎಂಬುದಕ್ಕೆ ನೆರೆಯ ಹೈದರಾಬಾದಿನ ಸತ್ಯಂ ಪ್ರಕರಣ ಸಾಕ್ಷಿ. 2009ರ ಜನವರಿ 7ರಂದು ಕಂಪನಿಯ ಅಧ್ಯಕ್ಷರೇ ಪತ್ರ ಬರೆದು, ಪುಸ್ತಕದಲ್ಲಿ ತೋರಿಸಿದ್ದ ನಗದು ಹಾಗೂ ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಅದೇ ತಿಂಗಳು ಪರಿಶೋಧಕ ಸಂಸ್ಥೆ ತನ್ನ ಹಿಂದಿನ ವರದಿಗಳನ್ನು ಇನ್ನು ನೆಚ್ಚಿಕೊಳ್ಳಲಾಗದು ಎಂದು ತಿಳಿಸಿತು. ವರ್ಷಗಟ್ಟಲೆ ‘ನಮ್ಮ ಅಭಿಪ್ರಾಯದಲ್ಲಿ’ ಎಂದು ಬರೆದ ಮಾತು ಆಧಾರ ತಪ್ಪಿದಾಗ ಏನಾಗುತ್ತದೆ ಎಂಬುದನ್ನು ಇಡೀ ದೇಶ ಕಂಡಿತು.

‘ಇದು ತಪ್ಪಿಸಿಕೊಳ್ಳುವ ಉಪಾಯವಲ್ಲವೇ?’

ಅಭಿಪ್ರಾಯ ಎಂಬ ಪದ ಪರಿಶೋಧಕನ ಗುರಾಣಿ, ನಾಳೆ ತಪ್ಪಾದರೆ ‘ಅದು ಅಭಿಪ್ರಾಯ ಮಾತ್ರ’ ಎಂದು ಪಾರಾಗಲು ಮಾಡಿಕೊಂಡ ದಾರಿ ಎಂದು ಕೆಲವರು ಆಕ್ಷೇಪಿಸುತ್ತಾರೆ. ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಆಧಾರ ಹೇಳದೆ ನುಡಿದ ಅಭಿಪ್ರಾಯ ನಿಜಕ್ಕೂ ಗುರಾಣಿಯೇ. ಆದರೆ ಆಧಾರದೊಂದಿಗೆ ನುಡಿದ ಅಭಿಪ್ರಾಯ ಬರೆದುಕೊಟ್ಟ ಬಾಂಡಿನಂತೆ. 2018ರ ಏಪ್ರಿಲ್ 1ರಿಂದ ಆರಂಭವಾದ ಲೆಕ್ಕಾವಧಿಗಳಿಗೆ ಅನ್ವಯವಾದ ಪರಿಷ್ಕೃತ ಪರಿಶೋಧನಾ ಮಾನಕ 700 ಇದನ್ನು ಗಮನಿಸಿಯೇ ಅಭಿಪ್ರಾಯವನ್ನು ವರದಿಯ ಮೊದಲಿಗೆ ತಂದಿತು. ಅದರ ಬೆನ್ನಿಗೇ ‘ಅಭಿಪ್ರಾಯದ ಆಧಾರ’ ಎಂಬ ಭಾಗ ಬರಬೇಕೆಂದಿತು.

ಕಾನೂನು ಸಹ ಇದನ್ನೇ ಬಹುಕಾಲದಿಂದ ಹೇಳುತ್ತ ಬಂದಿದೆ. 1872ರ ಸಾಕ್ಷ್ಯ ಅಧಿನಿಯಮದ 60ನೆಯ ಕಲಮಿನ ಪ್ರಕಾರ, ಮೌಖಿಕ ಸಾಕ್ಷ್ಯವು ಅಭಿಪ್ರಾಯಕ್ಕೆ ಸಂಬಂಧಿಸಿದ್ದರೆ ಆ ಆಧಾರಗಳ ಮೇಲೆ ಆ ಅಭಿಪ್ರಾಯ ಹೊಂದಿದವನೇ ಬಂದು ನುಡಿಯಬೇಕಿತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಇದೇ ತತ್ತ್ವವನ್ನು ಉಳಿಸಿಕೊಂಡಿದೆ. ಉರ್ದುವಿನಲ್ಲಿ ಹಲಫ್‌ನಾಮಾ ಎನ್ನಲಾಗುವ ಪ್ರಮಾಣಪತ್ರದ ವಿಷಯದಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೆಯ ಆದೇಶದ 3ನೆಯ ನಿಯಮ, ಮಧ್ಯಂತರ ಅರ್ಜಿಗಳಲ್ಲಿ ನಂಬಿಕೆಯ ಮಾತಿಗೆ ಅವಕಾಶ ಕೊಟ್ಟರೂ ನಂಬಿಕೆಯ ಕಾರಣಗಳನ್ನು ಹೇಳಬೇಕೆಂದು ವಿಧಿಸುತ್ತದೆ.

ವ್ಯಾಪಾರಿಯೂ ಸಹಿ ಹಾಕುತ್ತಾನೆ

ಈ ಹೊಣೆ ಪರಿಶೋಧಕನಿಗೆ ಮಾತ್ರ ಸೇರಿದ್ದಲ್ಲ. ಜಿಎಸ್‌ಟಿ ನೋಂದಣಿಯ ಅರ್ಜಿಯ ಕೊನೆಯಲ್ಲಿ, ಮೇಲಿನ ಮಾಹಿತಿಯು ‘ನನ್ನ ತಿಳಿವು ಮತ್ತು ನಂಬಿಕೆಯ ಮಟ್ಟಿಗೆ’ ಸತ್ಯ ಮತ್ತು ಸರಿಯಾಗಿದೆ, ಏನನ್ನೂ ಮರೆಮಾಚಿಲ್ಲ ಎಂಬ ಘೋಷಣೆ ಇರುತ್ತದೆ. ಅಲ್ಲಿ ‘ನಾನು’ ಎಂದರೆ ಅರ್ಜಿ ತುಂಬಿದ ಗುಮಾಸ್ತನೂ ಅಲ್ಲ, ತೆರಿಗೆ ಸಲಹೆಗಾರನೂ ಅಲ್ಲ. ಸಹಿ ಹಾಕಿದ ಅಂಗಡಿಯ ಮಾಲೀಕ. 1961ರ ಆದಾಯ ತೆರಿಗೆ ಕಾಯ್ದೆಯ 277ನೆಯ ಕಲಮು ಸುಳ್ಳು ಹೇಳಿಕೆಯನ್ನು ಸುಳ್ಳೆಂದು ತಿಳಿದು ದೃಢೀಕರಿಸಿದವನಿಗಷ್ಟೇ ಅಲ್ಲ, ಅದು ಸತ್ಯವೆಂಬ ನಂಬಿಕೆ ಇಲ್ಲದೆ ದೃಢೀಕರಿಸಿದವನಿಗೂ ಶಿಕ್ಷೆ ವಿಧಿಸಿತ್ತು. ಓದದೆ ಸಹಿ ಹಾಕಿದವನಿಗೆ ನಂಬಿಕೆ ಎಲ್ಲಿಂದ ಬಂದೀತು?

ಸರಕಿನ ಮಾತುಕತೆಗೂ ಇದು ಅನ್ವಯಿಸುತ್ತದೆ. 1872ರ ಕರಾರು ಅಧಿನಿಯಮದ 17ನೆಯ ಕಲಮಿನಂತೆ, ತಾನೇ ಸತ್ಯವೆಂದು ನಂಬದ ಅಸತ್ಯ ಸಂಗತಿಯನ್ನು ಮತ್ತೊಬ್ಬನನ್ನು ವಂಚಿಸುವ ಉದ್ದೇಶದಿಂದ ಸಂಗತಿಯೆಂದು ಹೇಳುವುದು ವಂಚನೆ. 18ನೆಯ ಕಲಮಿನಂತೆ, ತಾನು ನಂಬಿದ್ದರೂ ತಕ್ಕ ಮಾಹಿತಿಯ ಆಧಾರವಿಲ್ಲದೆ ಅಸತ್ಯವನ್ನು ಖಚಿತವಾಗಿ ಹೇಳುವುದು ತಪ್ಪು ನಿರೂಪಣೆ. ‘ಈ ಉದ್ದು ಹೊಸ ಫಸಲಿನದು’ ಎಂಬುದಕ್ಕೂ ‘ತಂದವನು ಹೊಸ ಫಸಲಿನದೆಂದು ಹೇಳಿದ್ದಾನೆ, ಕಾಳು ನೋಡಿದರೆ ನನಗೂ ಹಾಗೆಯೇ ಅನ್ನಿಸುತ್ತದೆ’ ಎಂಬುದಕ್ಕೂ ಇರುವ ಅಂತರ ಇದೇ. ಮೊದಲನೆಯದು ಸಂಗತಿಯ ಹೊಣೆ. ಎರಡನೆಯದು ಅಭಿಪ್ರಾಯದ ಹೊಣೆ.

ಮಾಡಬೇಕಾದುದು

ವ್ಯಾಪಾರಸ್ಥರು ಇಂಗ್ಲಿಷಿನ ನುಡಿಗಟ್ಟುಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಕಲಿಯಬೇಕಾದುದು ಅದರ ಹಿಂದಿರುವ ಶಿಸ್ತನ್ನು. ಅದಕ್ಕಾಗಿ ಕೆಳಗಿನ ಕ್ರಮಗಳು ಉಪಯುಕ್ತವಾಗಬಹುದು.

1. ವ್ಯವಹಾರದ ಪತ್ರದಲ್ಲಿ ಕಂಡದ್ದು, ಕೇಳಿದ್ದು, ಎಣಿಸಿದ್ದು ಈ ಮೂರನ್ನು ಬೇರೆ ಬೇರೆ ವಾಕ್ಯಗಳಲ್ಲಿ ಬರೆಯಬೇಕು. ಕೇಳಿದ್ದಾದರೆ ಯಾರಿಂದ, ಎಣಿಸಿದ್ದಾದರೆ ಯಾವ ಆಧಾರದಿಂದ ಎಂಬುದು ಜೊತೆಗಿರಬೇಕು.

2. ಪರಿಶೋಧನಾ ವರದಿ ಕೈಗೆ ಬಂದಾಗ ಲಾಭದ ಅಂಕಿಗಿಂತ ಮೊದಲು ಅಭಿಪ್ರಾಯದ ಭಾಗವನ್ನೂ ಅದರ ಆಧಾರದ ಭಾಗವನ್ನೂ ಓದಿಸಿಕೊಂಡು ಕೇಳಬೇಕು. ಕನ್ನಡದಲ್ಲಿ ವಿವರಿಸುವಂತೆ ಪರಿಶೋಧಕನನ್ನು ಕೇಳುವುದಕ್ಕೆ ಸಂಕೋಚ ಬೇಡ.

3. ಎದುರು ಪಕ್ಷದ ವರದಿಯನ್ನು ನಂಬಿ ಉದ್ರಿ ಕೊಡುವವರು 2019ರಿಂದ ಕಡ್ಡಾಯವಾಗಿರುವ 18 ಅಂಕಿ-ಅಕ್ಷರಗಳ ಯುಡಿಐಎನ್ ಗುರುತನ್ನು ಪರಿಶೀಲಿಸಬೇಕು. ಸಹಿ ಅಸಲಿಯೇ ಎಂಬುದಕ್ಕೆ ಅದು ಪುರಾವೆ. ಅಂಕಿ ಸರಿಯೇ ಎಂಬುದಕ್ಕಲ್ಲ.

4. ಘೋಷಣೆಯನ್ನು ಓದಿ, ಅರ್ಥವಾದ ಮೇಲೆಯೇ ಸಹಿ ಹಾಕಬೇಕು. ವಾಣಿಜ್ಯ ಸಂಸ್ಥೆಗಳು ಇಂತಹ ಘೋಷಣೆಗಳ ಕನ್ನಡ ಪಾಠವನ್ನು ಅಚ್ಚುಹಾಕಿಸಿ ಸದಸ್ಯರಿಗೆ ಹಂಚಿದರೆ ದೊಡ್ಡ ಉಪಕಾರವಾದೀತು.

‘ಅಂತೆ’ಯ ಮೇಲೆ ವ್ಯಾಪಾರ ನಡೆಯಬಹುದು, ಪತ್ತು ಬೆಳೆಯಲಾರದು. ನನಗೆ ಹೀಗೆ ಅನ್ನಿಸುತ್ತದೆ, ಕಾರಣ ಇದು, ತಪ್ಪಾದರೆ ಉತ್ತರಿಸುವವನು ನಾನು: ಇಷ್ಟನ್ನು ಹೇಳಬಲ್ಲ ವ್ಯಾಪಾರಿಯ ಮಾತಿಗೆ ಹುಮನಾಬಾದಿನಲ್ಲಿಯೂ ಹೈದರಾಬಾದಿನಲ್ಲಿಯೂ ಒಂದೇ ಬೆಲೆ ಸಿಗುತ್ತದೆ. ಆ ಮಾತನ್ನು ಆತ ಯಾವ ಭಾಷೆಯಲ್ಲಿ ಹೇಳಿದನೆಂಬುದು ಆಮೇಲಿನ ವಿಷಯ.