ಟೆನ್ನಿಸ್ ಆಟವೂ ನಮ್ಮ ಮೈಕಟ್ಟೂ

ಟೆನ್ನಿಸ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಅಧಿಕಾರಿಗಳ ಕ್ಲಬ್ಬು, ಬಿಳಿಯ ಉಡುಪು, ಬೆಲೆಬಾಳುವ ರಾಕೆಟ್ಟು ನೆನಪಾಗುತ್ತವೆ. ಅದು ಉಳ್ಳವರ ವಿಲಾಸ, ಬೆವರು ಸುರಿಸಿ ದುಡಿಯುವ ಮನೆಯ ಮಕ್ಕಳಿಗೆ ಅದರಿಂದ ಆಗಬೇಕಾದುದೇನು ಎಂಬುದು ಸಾಮಾನ್ಯವಾದ ಅಭಿಪ್ರಾಯ. ಈ ಅಭಿಪ್ರಾಯ ಸರಿಯಲ್ಲವೆಂಬುದು ನನ್ನ ವಾದ. ಅದಕ್ಕೆ ಮೊದಲು ಈ ಆಟ ದೇಹದಲ್ಲಿ ಏನು ಮಾಡುತ್ತದೆಂಬುದನ್ನು ನೋಡೋಣ.

ಟೆನ್ನಿಸ್ ಬರಿಯ ಕೈಯ ಆಟವೆಂದು ತಿಳಿಯುವುದೇ ತಪ್ಪು. ಚೆಂಡು 60 ಗ್ರಾಂ ಕೂಡ ತೂಗದು. ಅದನ್ನು ಹೊಡೆಯಲು ತೋಳೊಂದೇ ಸಾಕೆಂದು ತೋರುತ್ತದೆ. ಆದರೆ ಸರ್ವ್ ಮಾಡುವವನನ್ನು ಗಮನಿಸಿರಿ. ಮೊದಲು ಮಂಡಿ ಬಾಗುತ್ತದೆ; ಮೀನಖಂಡವೂ ತೊಡೆಯೂ ನೆಲವನ್ನು ಒತ್ತಿ ದೇಹವನ್ನು ಮೇಲಕ್ಕೆ ತಳ್ಳುತ್ತವೆ. ಆ ಬಲ ಸೊಂಟಕ್ಕೆ ಏರುತ್ತದೆ. ಹೊಟ್ಟೆಯ ಪಕ್ಕದ ಸ್ನಾಯುಗಳು ಮುಂಡವನ್ನು ತಿರುಗಿಸುತ್ತವೆ. ಅಲ್ಲಿಂದ ಎದೆ, ಬೆನ್ನು, ಭುಜ, ರಟ್ಟೆ, ಮುಂಗೈಗಳ ಮೂಲಕ ಸಾಗಿ ಮಣಿಕಟ್ಟನ್ನು ಸೇರುತ್ತದೆ. ಕುಲುಮೆಯಲ್ಲಿ ಸುತ್ತಿಗೆ ಎತ್ತುವವನೂ ಈ ಗುಟ್ಟನ್ನು ಬಲ್ಲ. ಚೆಂಡು ಹೋದ ಮೇಲೂ ಕೆಲಸ ಮುಗಿಯದು. ಬೀಸಿದ ತೋಳನ್ನು ತಡೆದು ನಿಲ್ಲಿಸುವ ಹೊಣೆ ಭುಜದ ಹಿಂಬದಿಯ ಸಣ್ಣ ಸ್ನಾಯುಗಳದು.

ಇನ್ನು ಓಟ. ಅಂಕಣದ ಉದ್ದ 23.77 ಮೀಟರ್, ಆಟಗಾರನ ಪಾಲಿಗೆ ಬರುವುದು ಅದರ ಅರ್ಧ. ಆ ಅರ್ಧದಲ್ಲಿಯೇ ಮುಂದೆ, ಹಿಂದೆ, ಅಡ್ಡಕ್ಕೆ ಓಡಿ, ಥಟ್ಟನೆ ನಿಂತು ತಿರುಗಬೇಕು. ಒಂದು ಪಾಯಿಂಟು ಹೆಚ್ಚಾಗಿ ಹತ್ತು ಸೆಕೆಂಡುಗಳೊಳಗೆ ಮುಗಿಯುತ್ತದೆ. ಬಳಿಕ ತುಸು ಬಿಡುವು. ಹೀಗೆ ದುಡಿಮೆಯೂ ವಿಶ್ರಾಂತಿಯೂ ಒಂದರ ಬೆನ್ನಿಗೊಂದು ಬರುತ್ತವೆ.

ಈ ಆಟದಲ್ಲಿ ದೋಷವಿಲ್ಲವೆಂದಲ್ಲ. ರಾಕೆಟ್ಟು ಹಿಡಿಯುವ ಕೈ ಇನ್ನೊಂದಕ್ಕಿಂತ ದಪ್ಪವಾಗುತ್ತದೆ. ವೃತ್ತಿಪರ ಆಟಗಾರರನ್ನು ಪರೀಕ್ಷಿಸಿ 1977ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಡುವ ತೋಳಿನ ಮೂಳೆಯ ಗೋಡೆ ಪುರುಷರಲ್ಲಿ ಸುಮಾರು 35 ಪ್ರತಿಶತ ಹೆಚ್ಚು ದಪ್ಪವಿದ್ದುದು ಕಂಡುಬಂದಿತು. ಮೊಣಕೈಯ ಹೊರಬದಿಯ ನೋವಿಗೆ 'ಟೆನ್ನಿಸ್ ಎಲ್ಬೋ' ಎಂಬ ಹೆಸರೇ ಉಂಟು; ಆದರೆ ರಾಕೆಟ್ಟನ್ನೇ ಮುಟ್ಟದ ಬಡಗಿಗೂ ಬಟ್ಟೆ ಹಿಂಡುವ ಹೆಂಗಸಿಗೂ ಅದು ಬರುತ್ತದೆ. ಆದ್ದರಿಂದ ಆಟದೊಡನೆ ಎರಡೂ ಬದಿಗಳಿಗೆ ವ್ಯಾಯಾಮ ಬೇಕು. ಕೊಡಗಿನ ರೋಹನ್ ಬೋಪಣ್ಣನವರು ಮಂಡಿಯ ಮೃದ್ವಸ್ಥಿ ಸವೆದಿದ್ದರೂ ಯೋಗಾಭ್ಯಾಸದಿಂದ ಕಾಲುಗಳಿಗೆ ಬಲ ತಂದುಕೊಂಡು, 2024ರ ಜನವರಿಯಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರು.

"ಮೈಮುರಿದು ದುಡಿಯುವವರಿಗೆ ಆಟವೇಕೆ?" ಎಂದು ಹಿರಿಯರು ಕೇಳುತ್ತಾರೆ. ನನ್ನ ತಂದೆ ಭದ್ರಾವತಿಯಲ್ಲಿ ಮೂಟೆ ಹೊತ್ತು ನನ್ನನ್ನು ಓದಿಸಿದರು. ತಾಯಿ ನಾಟಿಯ ಕಾಲದಲ್ಲಿ ಗದ್ದೆಯಲ್ಲಿ ದಿನವಿಡೀ ಬಾಗಿರುತ್ತಾರೆ. ಅವರ ಬೆನ್ನು ಗಟ್ಟಿಯಾಯಿತು, ನಿಜ. ಅದೇ ಬೆನ್ನು ಈಗ ನೋಯುತ್ತದೆ. ಒಂದೇ ಸ್ನಾಯುವನ್ನು ಬಿಡುವಿಲ್ಲದೆ ಹಿಂಡುವ ದುಡಿಮೆ ವ್ಯಾಯಾಮವಲ್ಲ. ನನ್ನ ಪಾಡು ಇದಕ್ಕೆ ತಿರುಗುಮುರುಗು. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಕುಳಿತು ಉಣ್ಣುವ ಉದ್ಯೋಗ ಹುಡುಕುವವನೂ ನಾನೇ ಮೊದಲಿಗ. ತಂದೆತಾಯಿಯರ ಸ್ನಾಯುಗಳನ್ನು ಹೊಟ್ಟೆಪಾಡು ದುಡಿಸಿತು. ನಮ್ಮವನ್ನು ನಾವೇ ಮನಸ್ಸು ಮಾಡಿ ದುಡಿಸಬೇಕು. ಇಲ್ಲವಾದರೆ ಪದವಿಯೊಡನೆ ರೋಗವನ್ನೂ ಮನೆಗೆ ತಂದಂತಾದೀತು.

1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿದ ಊರು ಭದ್ರಾವತಿ. ಮಣಿಕಟ್ಟಿನ ಚಳಕಕ್ಕೆ ಹೆಸರಾದ ಕ್ರಿಕೆಟಿಗ ಜಿ. ಆರ್. ವಿಶ್ವನಾಥರು ಹುಟ್ಟಿದ್ದೂ ಅಲ್ಲಿಯೇ. ನಮ್ಮ ಕಡೆಯವರ ಕೈಗಳಿಗೆ ಶಕ್ತಿಯೂ ಇದೆ, ಚಳಕವೂ ಇದೆ, ಇಲ್ಲದ್ದು ಅವಕಾಶ. ಸುಮಾರು 37 ಮೀಟರ್ ಉದ್ದ, 18 ಮೀಟರ್ ಅಗಲದ ಸಮನೆಲ, ಒಂದು ಬಲೆ, ಎಲ್ಲರೂ ಹಂಚಿಕೊಳ್ಳುವ ಆರೆಂಟು ರಾಕೆಟ್ಟುಗಳು ಇದ್ದರೆ ಆರಂಭಕ್ಕೆ ಸಾಕು; ಅದೂ ಆಗದಿದ್ದರೆ ಒಂದು ಗಟ್ಟಿ ಗೋಡೆಯಾದರೂ ಸರಿ. ಶಿವಮೊಗ್ಗ, ಭದ್ರಾವತಿಗಳ ಪ್ರತಿಯೊಂದು ಕಾಲೇಜೂ ಮಳೆಗಾಲ ಕಳೆದೊಡನೆ ಇಷ್ಟನ್ನು ಒದಗಿಸಲಿ. ಹುಡುಗಿಯರಿಗೂ ಹುಡುಗರಷ್ಟೇ ಹೊತ್ತು ಅಂಕಣ ಬಿಟ್ಟುಕೊಡಲಿ. ಗ್ರಂಥಾಲಯದ ಪುಸ್ತಕ ಬಡವರ ಮಕ್ಕಳಿಗೂ ಸಲ್ಲುವುದಾದರೆ ರಾಕೆಟ್ಟೂ ಸಲ್ಲಬೇಕು.